ಕೋಲಿನ ಆ ತುದಿ

“ಕಿವಿಗೆ ಇನ್ನೊಂಚೂರು ಹತ್ತಿ ಬೇಕು,” ಎಂದು ಡೆರಾಮಾನ್ ಕೈ ಚಾಚಿದ.

“ಆ ಕಿವಿಗೆ ಹತ್ತಿ ದಂಡ. ಕೆಟ್ಟು ಹದಿನೆಂಟು ವರ್ಷ ಆಯ್ತು,” ಎಂದಳು ಕೆಲ್ಸೊಂ. ಹಾಗೆಂದವಳೇ ಹತ್ತಿಯನ್ನು ಎಳೆದು ಉಂಡೆ ಮಾಡಿ, ತಾನೇ ಸತ್ತ ಗಂಡ ಜೂಸೊನ ಎರಡೂ ಕಿವಿಗಳಿಗೆ ಇಟ್ಟಳು. ಉಳಿದದ್ದನ್ನು ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡಳು.

ಜೂಸೊ ಬೆಳಗಿನ ಬಾಂಗ್ ಹೊತ್ತಿಗೆ ಹೋಗಿದ್ದ. ಎಪ್ಪತ್ತೊಂದು ವರ್ಷ. ಈಗ ಬಿಳಿ ಬಟ್ಟೆಯೊಳಗೆ ಮುಖವಷ್ಟೇ ಕಾಣುವಂತೆ ಮಲಗಿದ್ದ. ಅವನ ಜೊತೆ ಮೂವತ್ತು ವರ್ಷ ದೋಣಿ ನಡೆಸಿದ ಡೆರಾಮಾನ್, ಗಂಧದ ಪುಡಿ ಉದುರಿಸುತ್ತ ಮೂಗು ಒರೆಸಿಕೊಂಡ.

“ಎಂಬೊಂಗ್ ಎಲ್ಲಿ ಸತ್ತ?” ಎಂದು ಕೇಳಿ, ಬಾಯಿಗೆ ಬಂದ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡ.

ಎಂಬೊಂಗ್ ಸತ್ತವನ ತಮ್ಮ. ದುಂಗುನ್‌ನ ದೋಣಿಕಟ್ಟೆಯಲ್ಲಿ ಗಾಳದ ಅಂಗಡಿ ಅವನದು. ಸುದ್ದಿ ಕೇಳಿದವನೇ ಅಣ್ಣನ ಮುಖವನ್ನೂ ನೋಡದೆ ಕಾರು ಹತ್ತಿ ಕುವಾಲ ತೆರೆಂಗಾನು ಪಟ್ಟಣದ ಕಡೆಗೆ ಹೋಗಿದ್ದ.

“ಇವತ್ತೂ ಗಿರಾಕಿ ಬಂದಿರಬೇಕು,” ಎಂದಳು ಪಕ್ಕದ ಮನೆಯ ಸಬರಿಯಾ, ಗೋರಿಗೆ ಹಾಕಲು ಕೇದಗೆ ಎಲೆ ಸಣ್ಣಗೆ ಹೆಚ್ಚುತ್ತ. “ಅಣ್ಣ ನಾಳೇನೂ ಸತ್ತೇ ಇರ್ತಾನೆ, ಗಿರಾಕಿ ನಾಳೆ ಇರ್ತಾನಾ?”

ಯಾರೂ ನಗಲಿಲ್ಲ. ಹೊತ್ತು ಏರುತ್ತಿತ್ತು. ಮಧ್ಯಾಹ್ನದ ನಮಾಜಿನೊಳಗೆ ಎತ್ತಬೇಕು, ಎತ್ತುವ ಮುಂಚೆ ಸತ್ತವನ ಕಡೆಯ ಗಂಡಸೊಬ್ಬ ಮೆಟ್ಟಿಲ ಮೇಲೆ ನಿಂತು, ಇವನಿಂದ ಏನಾದರೂ ತಪ್ಪಾಗಿದ್ದರೆ ಮನ್ನಿಸಿ ಎಂದು ಬಂದವರನ್ನು ಕೇಳಬೇಕು. ಮಕ್ಕಳಿಲ್ಲದ ಜೂಸೊಗೆ ಅದಕ್ಕೆ ಇದ್ದವನು ಒಬ್ಬ ತಮ್ಮ. ಇಮಾಮರು ಜಗಲಿಯಲ್ಲಿ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

*

ಜೂಸೊನ ಕಸುಬು ಕೇಳುವುದು. ದೋಣಿಯ ಅಂಚು ಹಿಡಿದು ನೀರಿಗಿಳಿದು ತಲೆ ಮುಳುಗಿಸುತ್ತಿದ್ದ. ಕೆಳಗಿರುವುದು ಯಾವ ಮೀನು, ಎಷ್ಟು, ಯಾವ ಕಡೆಗೆ ಹೊರಟಿದೆ ಎಂದು ಕಿವಿಯಲ್ಲೇ ತಿಳಿದು ಬೆರಳು ತೋರಿಸುತ್ತಿದ್ದ. ಅವನು ತೋರಿಸಿದ ಕಡೆ ಬಲೆ ಬೀಳುತ್ತಿತ್ತು. ಊರಿನಲ್ಲಿ ಅವನಿಗೆ ಇಮಾಮರ ನಂತರದ ಮರ್ಯಾದೆ. ನೀರು ಕುಡಿದು ಕುಡಿದು ಕಿವಿ ಕೀವುಗಟ್ಟಿತು, ತಮಟೆ ಹರಿಯಿತು. ಅದೇ ಹೊತ್ತಿಗೆ ಮೀನು ತೋರಿಸುವ ಯಂತ್ರವೂ ದೋಣಿಗೆ ಬಂತು. ಮರ್ಯಾದೆ ಯಂತ್ರಕ್ಕೆ ಹೋಯಿತು.

ಆಮೇಲೆ ಪಟ್ಟಣದವರ ಹೊಸ ಶೋಕಿ ಬಂತಲ್ಲ, ಸೀಸದ ಮೀನಿನ ಬೇಟೆ! ದೋಣಿ ನಿಂತಲ್ಲೇ ನಿಂತಿರಬೇಕು. ಗಾಳ ಕಟ್ಟಿದ ಸೀಸದ ಮೀನನ್ನು ನೆಟ್ಟಗೆ ತಳಕ್ಕೆ ಬಿಟ್ಟು, ಎತ್ತಿ, ಮತ್ತೆ ಬೀಳಬಿಡಬೇಕು. ನಿಜವಾದ ಮೀನು ಬಾಯಿ ಹಾಕುವುದು ಅದು ಬೀಳುವಾಗಲೇ. ಆಗ ದಾರ ಸಡಿಲವಾಗಿರುತ್ತದೆ, ಕೈಗೆ ಬರುವುದು ಏನೋ ಆಯಿತೇ ಎನ್ನುವ ಅನುಮಾನ ಮಾತ್ರ. ಗಾಳದ ಕೋಲು ಭಾರವಾದರೆ ಆ ಅನುಮಾನ ದಾರಿಯಲ್ಲೇ ಸಾಯುತ್ತದೆ. ದಿನವಿಡೀ ಎತ್ತಿ ಇಳಿಸಿ ಕೈಯೂ ಮರಗಟ್ಟುತ್ತದೆ. ಕೋಲು ಹಗುರ ಇರಬೇಕು, ತಳದ ಕಲ್ಲು ಮುಟ್ಟಿದ್ದನ್ನೂ ಹೇಳಬೇಕು. ಅಂಥದನ್ನು ಆರಿಸುವುದು ಹೇಗೆ? ತೂಕ ಬರೆದಿರುತ್ತದೆ, ಉಳಿದದ್ದನ್ನು ಯಾರೂ ಬರೆದಿರುವುದಿಲ್ಲ.

ಅಂಗಡಿ ತೆರೆದ ಎಂಬೊಂಗ್ ಕೋಲು ಆರಿಸಿಕೊಡಲು ಅಣ್ಣನನ್ನು ಮೂಲೆಯಲ್ಲಿ ಕೂರಿಸಿದ. ಜೂಸೊ ತನ್ನದೇ ದಾರಿ ಕಂಡುಕೊಂಡ. ಕೋಲಿನ ಹಿಡಿಯನ್ನು ದವಡೆಯ ಮೂಳೆಗೆ ಒತ್ತಿಕೊಂಡು, ತುದಿಯನ್ನು ಗಿರಾಕಿಯ ಗಂಟಲಿಗೆ ತಾಗಿಸಿ, “ಹೆಸರು ಹೇಳು” ಎನ್ನುತ್ತಿದ್ದ. ಕೆಟ್ಟದ್ದು ಕಿವಿಯ ತಮಟೆ, ಮೂಳೆಯಲ್ಲವಲ್ಲ. ದವಡೆಯಿಂದ ನಡುಕ ಏರುತ್ತಿತ್ತು. “ಇದು ಮೂಕ.” “ಇದು ಬರೀ ಗೊಂಯ್ ಅನ್ನತ್ತೆ.” “ಇದು ಪರವಾಗಿಲ್ಲ, ತೊದಲತ್ತೆ.” ಮೊದಮೊದಲು ನಕ್ಕ ಕ್ವಾಲಾಲಂಪುರದವರು ಆಮೇಲೆ ಸಾಲುಗಟ್ಟಿದರು.

ಕಿವಿ ಹೋದ ಐದನೇ ವರ್ಷ, ಒಂದು ಮಧ್ಯಾಹ್ನ, ಕೆಲ್ಸೊಂ ಬುತ್ತಿ ತಂದಿದ್ದಳು. ಹೊಸ ಪೆಟ್ಟಿಗೆ ಬಂದಿತ್ತು, ನಲವತ್ತು ಕೋಲು. ಗಿರಾಕಿ ಇರಲಿಲ್ಲ. ಜೂಸೊ ಅವಳ ಗಂಟಲಿಗೇ ಕೋಲು ಹಿಡಿದ. ಒಂದಾದ ಮೇಲೊಂದು ಕೋಲು, ಪ್ರತಿಯೊಂದಕ್ಕೂ ಅವಳು ಕೆಲ್ಸೊಂ, ಕೆಲ್ಸೊಂ ಎಂದು ತನ್ನ ಹೆಸರನ್ನೇ ಜಪ ಮಾಡಿ ಬೇಸತ್ತು ಹೋದಳು.

“ಸಾಕು ಮಾರಾಯ, ಮೀನು ಸಾರು ಆರಿ ಹೋಗ್ತಿದೆ,” ಎಂದಳು.

ಜೂಸೊ ಹಿಡಿಯನ್ನು ದವಡೆಗೆ ಇನ್ನೂ ಒತ್ತಿಕೊಂಡ.

“ಇನ್ನೊಂದ್ಸಲ ಹೇಳು.”

“ಮೀನು ಸಾರು ಆರಿ ಹೋಗ್ತಿದೆ ಅಂದೆ.”

“ಅಯ್ಯೋ,” ಎಂದ ಜೂಸೊ, ಕಣ್ಣು ತುಂಬಿಕೊಂಡು. “ನಿನ್ನ ದನಿ ಮುದಿಯಾಗಿದೆಯಲ್ಲೇ!”

ಆ ಕೋಲು ಪೆಟ್ಟಿಗೆಯಲ್ಲೇ ಹಗುರ. ಎರಡು ಬೆರಳಲ್ಲಿ ಎತ್ತಬಹುದಿತ್ತು. ಹಗಲು ಅದು ಅವನ ಜೊತೆ ದೋಣಿಗೆ ಹೋಗುತ್ತಿತ್ತು, ಸಂಜೆ ಮನೆಗೆ ಬರುತ್ತಿತ್ತು. ಊಟದ ಮೇಲೆ ಜಗಲಿಯಲ್ಲಿ ಅವನು ಈ ತುದಿ, ಅವಳು ಆ ತುದಿ. ಬೆಕ್ಕು ಮರಿ ಹಾಕಿದ್ದು, ಮೊಟ್ಟೆಯ ಬೆಲೆ, ಸಬರಿಯಾಳ ಜಗಳ. “ಗಂಡ ಹೆಂಡ್ತಿ ಒಬ್ಬರಿಗೊಬ್ಬರು ಗಾಳ ಹಾಕ್ಕೊಂಡು ಕೂತಿದಾರೆ,” ಎಂದು ದಾರಿಹೋಕರು ನಗುತ್ತಿದ್ದರು. ನಗಲಿ ಬಿಡಿ, ಆರು ವರ್ಷ ಅವರ ಸಂಸಾರ ಮಾತಿನಿಂದ ತುಂಬಿತ್ತು.

*

“ಬಂದ ಬಂದ,” ಎಂದು ಜಗಲಿಯಿಂದ ಯಾರೋ ಕೂಗಿದರು.

ಎಂಬೊಂಗ್ ಕಾರಿನ ಬಾಗಿಲನ್ನೂ ಹಾಕದೆ ಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೈಯಲ್ಲಿ ಬಟ್ಟೆ ಚೀಲದೊಳಗೆ ಉದ್ದನೆಯದೊಂದು. ಕೆಲ್ಸೊಂಗೆ ಅದನ್ನು ಬಿಚ್ಚುವ ಮುಂಚೆಯೇ ತಿಳಿಯಿತು.

“ಅತ್ತಿಗೆ, ತಂದಿದೀನಿ.”

ಏಳು ವರ್ಷದ ಹಿಂದೆ ಜೂಸೊ ಜ್ವರದಲ್ಲಿ ಮಲಗಿದ್ದ. ಬಿಚ್ಚಿ ಸರಿಮಾಡಲು ಅಂಗಡಿಯಲ್ಲಿ ಬಿಟ್ಟಿದ್ದ ಕೋಲನ್ನು ಎಂಬೊಂಗ್ ಒಬ್ಬ ದಾತೊಗೆ ಮಾರಿದ್ದ. ದೊಡ್ಡ ಮನುಷ್ಯ, ಬಿರುದು ಪಡೆದವನು. ಅವನ ಪಕ್ಕ ಹಲ್ಲು ಕಿರಿದು ನಿಂತ ಎಂಬೊಂಗ್‌ನ ಪಟ ಇಂದಿಗೂ ಅಂಗಡಿಯ ಗೋಡೆಯ ಮೇಲಿದೆ. “ಎಲ್ಲಾ ಕೋಲೂ ಒಂದೇ ಅಂದ್ಕೊಂಡೆ ಅಣ್ಣಾ, ಗೋಡೆ ತುಂಬ ಇವೆ, ಇನ್ನೊಂದು ಆರಿಸ್ಕೋ,” ಎಂದು ಕೈಸನ್ನೆ ಮಾಡಿದ್ದ. ಜೂಸೊ ಗೋಡೆಯನ್ನೆಲ್ಲ ಖಾಲಿ ಮಾಡಿ ನೋಡಿದ. ಅದೇ ಕಂಪನಿ, ಅದೇ ಉದ್ದ, ಅದೇ ತೂಕದ್ದೂ ಇತ್ತು. ಕೆಲ್ಸೊಂ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಎಲ್ಲವೂ ಗೊಂಯ್.

ಜೂಸೊ ಜಗಳವಾಡಲಿಲ್ಲ. ಕಿವುಡರ ಏರುದನಿಯಲ್ಲಿ, ಅಂಗಡಿ ತುಂಬ ಜನರಿದ್ದಾಗ, ಇಷ್ಟೇ ಹೇಳಿದ: “ಅದೇ ಕೋಲು ತಗೊಂಡು ಬಾ. ತುದಿ ಗಂಟಲಿಗಿಟ್ಟು ಕ್ಷಮೆ ಕೇಳು. ಅವತ್ತೇ ಕ್ಷಮಿಸ್ತೀನಿ.” ಎಂಬೊಂಗ್ ಆಗಲಿ ಎಂದ. ಏಳು ವರ್ಷ ಆಗಲಿ ಎಂದ.

ಈಗ ಚೀಲ ಬಿಚ್ಚಿದ. ಕಪ್ಪು ಕೋಲು, ಚಿನ್ನದ ಬಣ್ಣದ ಹಿಡಿ, ಹಿಡಿಯ ಮೇಲೆ ದಾತೊ ಹೆಸರು.

“ಹಿಡಿ ಬೇರೆ ಹಾಕಿಸಿದಾರೆ, ಅತ್ತಿಗೆ. ಅವರ ಮನೇಲಿ ಮೂವತ್ತು ಕೋಲಿದ್ವು. ಡ್ರೈವರು ಇದೇ ಅಂದ. ನಂಗೆ ಗುರುತು ಸಿಗ್ತಿಲ್ಲ.”

“ಹದಿನೈದು ವರ್ಷ ಕೋಲು ಮಾರಿದೋನಿಗೆ ಗುರುತು ಸಿಗಲ್ವಾ?” ಎಂದ ಡೆರಾಮಾನ್.

“ಮಾರಿದೋನು ನಾನು. ಆರಿಸ್ತಿದ್ದೋನು ಅಣ್ಣ.” ಎಂಬೊಂಗ್ ಕೋಲನ್ನು ಕೆಲ್ಸೊಂ ಕಡೆಗೆ ಚಾಚಿದ. “ಅತ್ತಿಗೆ, ಎತ್ತೋಕೆ ಮುಂಚೆ ಒಂದ್ಸಲ ಅಣ್ಣನ ದವಡೆಗೆ ಇಡು. ನಾನು ಕ್ಷಮೆ ಕೇಳ್ತೀನಿ. ಈಗ ಬಿಟ್ರೆ ನಂಗೆ ಕ್ಷಮೆ ಇನ್ನೆಲ್ಲಿದೆ ಹೇಳು?”

“ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋಕೆ ಬಂದ,” ಎಂದು ಸಬರಿಯಾ ಎಲೆ ಹೆಚ್ಚುತ್ತಲೇ ಗೊಣಗಿದಳು.

ಇಮಾಮರು ಒಳಗೆ ಬಂದರು. “ಮೈತ್‌ಗೆ ಏನೂ ಒತ್ತಬಾರದಪ್ಪ. ಸತ್ತ ಮೇಲೂ ಮೈ ನೋಯತ್ತೆ ಅಂತಾರೆ ಹಿರೀರು.” ಸ್ವಲ್ಪ ಯೋಚಿಸಿ ಕೆಲ್ಸೊಂ ಕಡೆ ತಿರುಗಿದರು. “ಜೂಸೊ ಇಟ್ಟ ಕರಾರು ಊರಿಗೆಲ್ಲ ಗೊತ್ತು. ಅವನ ಪರವಾಗಿ ನೀನು ಕೇಳಿಸ್ಕೊಳಮ್ಮ. ಅದೇ ಕೋಲಾದ್ರೆ, ಮಾತು ಬಂದ್ರೆ, ಅವನು ಕ್ಷಮಿಸಿದ ಹಾಗೆ. ನೀನೇ ಬಾಯಿಬಿಟ್ಟು ಹೇಳು, ನಾವೆಲ್ಲ ಸಾಕ್ಷಿ.”

ಕೆಲ್ಸೊಂ ಸೊಂಟದ ಮಡಿಕೆಯಿಂದ ಉಳಿದ ಹತ್ತಿ ತೆಗೆದಳು, ಎರಡು ಉಂಡೆ ಮಾಡಿದಳು, ತನ್ನ ಕಿವಿಗಳಿಗೆ ಗಟ್ಟಿಯಾಗಿ ತುರುಕಿಕೊಂಡಳು. ಗಂಡನ ತಲೆಯ ಬಳಿ ಕೂತು ಹಿಡಿಯನ್ನು ದವಡೆಗೆ ಒತ್ತಿಕೊಂಡಳು. ಎಂಬೊಂಗ್ ಅಣ್ಣನ ಕಾಲ ಬಳಿ ಮೊಣಕಾಲೂರಿ ತುದಿಯನ್ನು ಗಂಟಲಿಗಿಟ್ಟುಕೊಂಡ. ಸತ್ತವನ ಉದ್ದಕ್ಕೂ, ಅವನ ಮೇಲೆ ಗೇಣೆತ್ತರದಲ್ಲಿ, ಕೋಲು ನಿಂತಿತು.

ಹದಿಮೂರು ವರ್ಷದ ಹಿಂದಿನಿಂದ ಅವಳಿಗೆ ಗೊತ್ತಿದ್ದದ್ದು ಆ ತುದಿ ಮಾತ್ರ. ಈ ತುದಿಯಲ್ಲಿ ಅವಳು ಒಮ್ಮೆಯೂ ಕೂತಿರಲಿಲ್ಲ.

ಎಂಬೊಂಗ್ ಪಿಸುಗುಟ್ಟಿದ. ಪಕ್ಕದಲ್ಲಿದ್ದ ಇಮಾಮರಿಗೂ ಕೇಳಿಸದಷ್ಟು ಮೆಲ್ಲಗೆ.

ಕೆಲ್ಸೊಂಳ ತಲೆಯೊಳಗೆ ದನಿ ಬಂತು. ಹೊರಗಿನಿಂದ ಬಂದಂತಲ್ಲ, ಮೂಳೆಯೇ ಬಾಯಿ ಬಿಟ್ಟಂತೆ. ಅಯ್ಯೋ ದೇವರೇ, ಇಷ್ಟು ಹತ್ತಿರವೇ! ಆರು ವರ್ಷ ಸಂಜೆ ಸಂಜೆ ತಾನು ಅವನೊಳಗೆ ಇಷ್ಟು ಹತ್ತಿರ ಕೂತು ಮೊಟ್ಟೆಯ ಬೆಲೆ ಹೇಳಿದ್ದೆನೇ!

“ಅಣ್ಣಾ,” ಎನ್ನುತ್ತಿತ್ತು ದನಿ. “ಎಲ್ಲಾ ಕೋಲೂ ಒಂದೇ ಅಂದ್ಕೊಂಡೆ ಅಂದಿದ್ದೆನಲ್ಲ, ಅದು ಸುಳ್ಳು. ಗೊತ್ತಿತ್ತು ನಂಗೆ. ಕಿವುಡನೂ ಇದರಲ್ಲಿ ಹೆಂಡ್ತಿ ಮಾತು ಕೇಳ್ತಾನೆ ಅಂತ ಹೇಳಿಯೇ ದಾತೊಗೆ ಮಾರಿದೆ. ಅದಕ್ಕೇ ಅವರು ತಗೊಂಡ್ರು. ಕ್ಷಮಿಸು ಅಣ್ಣಾ. ಕ್ಷಮಿಸಿಬಿಡು.”

ಒಂದು ಅಕ್ಷರವೂ ತೊದಲಲಿಲ್ಲ.

ಕೆಲ್ಸೊಂ ಗಂಡನ ಮುಖ ನೋಡಿದಳು. ಇವನಾಗಿದ್ದರೆ ಕ್ಷಮಿಸುತ್ತಿದ್ದ. ಖಂಡಿತ ಕ್ಷಮಿಸುತ್ತಿದ್ದ, ಅಂಥ ಹುಚ್ಚ. ಆದರೆ ಏಳು ವರ್ಷ ಈ ಮನೆಯಲ್ಲಿ ಗೋಡೆಗೆ ಮಾತಾಡಿದವಳು ಅವಳು. ಕೊನೆಯ ಮೂರು ದಿನ ಅವನ ಕೈ ಹಿಡಿದು ಏನೇನೋ ಹೇಳಿದ್ದಳು, ಅವನು ಅವಳ ಬಾಯಿಯನ್ನೇ ನೋಡುತ್ತ, ಏನು, ಏನು ಎನ್ನುತ್ತಲೇ ಹೋಗಿದ್ದ.

ಹಿಡಿಯನ್ನು ಕೆಳಗಿಳಿಸಿದಳು.

“ಏನೂ ಬರಲಿಲ್ಲ,” ಎಂದಳು. “ಇದು ಆ ಕೋಲಲ್ಲ.”

ಎಂಬೊಂಗ್ ಏನೋ ಹೇಳಿದ. ಬಾಯಿ ಅಲುಗಿದ್ದು ಕಂಡಿತು, ಹತ್ತಿಯ ಹಿಂದೆ ಮಾತು ಕೇಳಿಸಲಿಲ್ಲ. ಇನ್ನೊಂದು ಸಲ ಎನ್ನುವಂತೆ ಬೆರಳೆತ್ತಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಡೆರಾಮಾನ್ ಅವಳನ್ನೇ ಒಂದು ಗಳಿಗೆ ನೋಡಿ, ಬಗ್ಗಿ, ಜೂಸೊನ ಮುಖದ ಮೇಲೆ ಬಟ್ಟೆ ಎಳೆದ.

ಎಂಬೊಂಗ್ ಮೆಟ್ಟಿಲ ಮೇಲೆ ನಿಂತ. “ನಮ್ಮಣ್ಣನಿಂದ ಯಾರಿಗಾದ್ರೂ ನೋವಾಗಿದ್ರೆ, ಏನಾದ್ರೂ ತಪ್ಪಾಗಿದ್ರೆ, ದಯವಿಟ್ಟು ಮನ್ನಿಸಿ,” ಎಂದ. “ಮನ್ನಿಸಿದೆವು,” ಎಂದಿತು ಅಂಗಳ, ಒಂದೇ ಕೊರಳಲ್ಲಿ. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡರು. ಎಂಬೊಂಗ್ ಮಾತ್ರ, ಇನ್ನೇನೋ ಬರಬೇಕಿತ್ತು ಎನ್ನುವಂತೆ, ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದ.

*

ಮಣ್ಣು ಮುಗಿಸಿ ಗಂಡಸರು ಬಂದಾಗ ಬಿಸಿಲು ಇಳಿದಿತ್ತು. ಎಂಬೊಂಗ್ ಬರಲಿಲ್ಲ.

“ಮತ್ತೆ ಕಾರು ಹತ್ತಿದ,” ಎಂದಳು ಸಬರಿಯಾ, ತಟ್ಟೆ ಎತ್ತಿಡುತ್ತ. ಕೆಲ್ಸೊಂ ಹತ್ತಿ ತೆಗೆದಿದ್ದಳು, ಅದು ಅವಳ ಮುಷ್ಟಿಯಲ್ಲಿತ್ತು. “ದಾತೊ ಮನೇಲಿ ಮಿಕ್ಕಿರೋ ಇಪ್ಪತ್ತೊಂಬತ್ತು ಕೋಲನ್ನೂ ತರ್ತಾನಂತೆ. ಒಂದೊಂದನ್ನೂ ನಿನ್ನ ದವಡೆಗೆ ಇಟ್ಟು ನೋಡ್ತಾನಂತೆ. ಹುಚ್ಚು ಹಿಡೀತು ನೋಡು ಅವನಿಗೆ.”

“ತರಲಿ.”

“ಈ ಕೋಲನ್ನ ಮೆಟ್ಟಿಲ ಹತ್ರ ಬಿಟ್ಟು ಹೋಗಿದಾನೆ. ಬಳ್ಳಿ ಹಬ್ಬಿಸೋಕಾದ್ರೂ ಆದೀತೇನೋ. ಹಿತ್ತಲಿಗೆ ಹಾಕ್ಲಾ?”

“ಇಲ್ಲಿ ಕೊಡು.”

ಕೆಲ್ಸೊಂ ಅದನ್ನು ಎರಡು ಬೆರಳಲ್ಲಿ ಹಿಡಿದು ಕೋಣೆಗೆ ಹೋದಳು, ಬಾಗಿಲು ಹಾಕಿಕೊಂಡಳು. ಜೂಸೊನ ದಿಂಬಿನಲ್ಲಿ ತಲೆಯ ಕುಳಿ ಇನ್ನೂ ಹಾಗೇ ಇತ್ತು. ಹಿಡಿಯನ್ನು ಆ ಕುಳಿಯಲ್ಲಿಟ್ಟಳು. ಹಾಸಿಗೆಯ ಕಾಲುಕಡೆ ಕೂತು ತುದಿಯನ್ನು ಗಂಟಲಿಗೆ ತಾಗಿಸಿಕೊಂಡಳು. ಹೇಳಬೇಕಾಗಿದ್ದದ್ದು ದೊಡ್ಡ ಮಾತೇನಲ್ಲ. ನಿನ್ನ ತಮ್ಮ ಬಂದು ಕ್ಷಮೆ ಕೇಳಿದ, ಅಷ್ಟೇ.

ಬಾಯಿ ತೆರೆದಳು. ದನಿಗೆ ನಡುಗುವ ಕೋಲು ಅಲುಗಲಿಲ್ಲ.