ಚಾಕು ಮಡಚುವ ತನಕ

ಫ್ರಾನ್ಸಿನ ಒಬ್ರಾಕ್ ಬೆಟ್ಟದ ಮನೆಗಳಲ್ಲಿ ಊಟ ಮುಗಿಯುವುದು ಹೊಟ್ಟೆ ತುಂಬಿದಾಗಲ್ಲ, ಯಜಮಾನ ತನ್ನ ಚಾಕು ಮಡಚಿದಾಗ. ಸಿಪ್ರಿಯೆನ್ ತನ್ನ ಕೊಂಬಿನ ಹಿಡಿಯ ಚಾಕುವನ್ನು ಬ್ರೆಡ್ಡಿನ ತುಂಡಿಗೆ ಒರೆಸಿ ಟಕ್ಕೆಂದು ಮಡಚಿದನೆಂದರೆ, ಮಗ ಮಾರಿಯುಸ್ ಮತ್ತು ಸೊಸೆ ಓಡಿಲ್ ಬಾಯಲ್ಲಿದ್ದದ್ದನ್ನು ನುಂಗಿಕೊಂಡು ಏಳಬೇಕು. ಹೆಂಡತಿ ಜೆಲಿಯ ಪಾಡಂತೂ ಕೇಳುವುದೇ ಬೇಡ. ಸೂಪು ಬಡಿಸಿ, ಮಾಂಸ ತಂದಿಟ್ಟು, ಎಲ್ಲರ ಲೋಟಕ್ಕೂ ವೈನ್ ಸುರಿದು, ತಾನು ಕೂತು ಚೀಸಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಆ ಟಕ್. ನಲವತ್ತೊಂದು ವರ್ಷ ಅವಳು ಚೀಸನ್ನು ನಿಂತುಕೊಂಡೇ, ಪಾತ್ರೆ ತೊಳೆಯುತ್ತ ತಿಂದಿದ್ದಳು. ಸಿಪ್ರಿಯೆನ್ ಕೆಟ್ಟವನಲ್ಲ, ಹಸುವಿಗೆ ಹುಷಾರಿಲ್ಲದಿದ್ದರೆ ಕೊಟ್ಟಿಗೆಯಲ್ಲೇ ಮಲಗುವವನು. ಹೆಂಡತಿಯ ತಟ್ಟೆ ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಅಂಥವನು ಎರಡು ವಾರದಿಂದ ಚಾಕು ಮಡಚುವುದನ್ನೇ ಬಿಟ್ಟಿದ್ದ. ಊಟವಾದರೂ ಕೂತೇ ಇರುತ್ತಿದ್ದ. ಹೊರಗೆ ನಾಯಿ ಬೊಗಳಿದರೆ ಅದನ್ನೇ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದ.

"ಮಾವನಿಗೆ ಈಗ ನಿಮ್ಮ ಮೇಲೆ ಪ್ರೀತಿ ಉಕ್ತಾ ಇದೆ ಅತ್ತೆ," ಎಂದು ಓಡಿಲ್ ಛೇಡಿಸಿದ್ದಳು.

"ಸುಮ್ನಿರೇ," ಎಂದಿದ್ದಳು ಜೆಲಿ. ಆದರೆ ಒಳಗೊಳಗೇ ಹಿಗ್ಗಿದ್ದಳು. ಕೂತು ಚೀಸ್ ತಿನ್ನುವ ಸುಖ ಅರವತ್ತಮೂರರಲ್ಲಿ ಸಿಕ್ಕಿತ್ತು.

ಹುಲ್ಲು ಕೂಡಿಸುವ ದಿನ ಬೆಳಿಗ್ಗೆ ಗಂಡನ ಪ್ಯಾಂಟು ಹೊಲಿಯಲು ಕೂತಾಗ ಗುಟ್ಟು ಬಯಲಾಯಿತು. ಜೇಬಿನ ತುಂಬ ಚೂಪಾದ ತೂತುಗಳು, ತಳದಲ್ಲಿ ನಡುವೆ ಸೀಳಿದ ವೈನ್ ಬಾಟಲಿಯ ಬಿರಡೆ. ಚಾಕುವಿನ ತುದಿಗೆ ಬಿರಡೆ ಸಿಕ್ಕಿಸಿ, ಮಡಚದೆ ಹಾಗೇ ಜೇಬಿಗಿಳಿಸುತ್ತಿದ್ದಾನೆ. ಅವನ ಹೆಬ್ಬೆರಳಿನ ಗಂಟು ಊದಿದ್ದು ಆಗ ನೆನಪಾಯಿತು. ಆ ಗಟ್ಟಿ ಸ್ಪ್ರಿಂಗನ್ನು ಮಣಿಸುವ ಶಕ್ತಿ ಬೆರಳಿಗೆ ಉಳಿದಿರಲಿಲ್ಲ. ಹಾಗಾದರೆ ಇಷ್ಟು ದಿನ ಕೂತದ್ದು ತನಗಾಗಿ ಅಲ್ಲ. ಜೆಲಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಅದೂ ಅವನಿಗಾಗಿ.

ಅಂದು ಮಧ್ಯಾಹ್ನ ಹುಲ್ಲಿನ ಕೆಲಸಕ್ಕೆ ಬಂದ ನೆರೆಯ ಗಾಬ್ರಿಯಾಕ್ ಕೂಡ ಊಟಕ್ಕಿದ್ದ. ಅವನ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ. ಕಿಟಕಿಯಾಚೆ ಮೋಡ ಕವಿಯುತ್ತಿತ್ತು.

"ಕುಯ್ದ ಹುಲ್ಲೆಲ್ಲ ಅಲ್ಲೇ ಬಿದ್ದಿದೆ ಮಾರಾಯ," ಎಂದ ಗಾಬ್ರಿಯಾಕ್. "ಚಾಕು ಮಡಚ್ತೀಯೋ, ಇಲ್ಲ ರಾತ್ರಿ ಊಟಾನೂ ಇಲ್ಲೇ ಅಂತ ನನ್ ಹೆಂಡ್ತಿಗೆ ಹೇಳಿ ಕಳಿಸ್ಲೋ?"

ಸಿಪ್ರಿಯೆನ್ ಚಾಕು ಎತ್ತಿಕೊಂಡ. ಊದಿದ ಹೆಬ್ಬೆರಳು ಅಲಗಿನ ಬೆನ್ನಿನ ಮೇಲೆ ಜಾರಿದ್ದು ಜೆಲಿಗೆ ಕಂಡಿತು. ಅಂದು ನಾಯಿಯೂ ಬೊಗಳಲಿಲ್ಲ.

"ಅದನ್ನ ಇಲ್ಲಿ ಕೊಡು," ಎಂದಳು ಜೆಲಿ. "ನನ್ನದು ಮೊಂಡು, ಈ ಚೀಸಿನ ಸಿಪ್ಪೆ ಕುಯ್ಯಲ್ಲ."

ಆ ಮನೆಯಲ್ಲಿ ಒಬ್ಬರ ಚಾಕುವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಸಿಪ್ರಿಯೆನ್ ಅವಳ ಮುಖ ನೋಡಿದ, ಚಾಕು ಕೊಟ್ಟ. ಜೆಲಿ ಒಂದು ತುಂಡು ಕತ್ತರಿಸಿ ತಟ್ಟೆಯಲ್ಲಿಟ್ಟಳು, ಅಲಗನ್ನು ಬ್ರೆಡ್ಡಿಗೆ ಒರೆಸಿದಳು, ಎರಡೂ ಕೈಯಿಂದ ಒತ್ತಿದಳು. ಟಕ್.

ಸದ್ದು ಕೇಳಿದ್ದೇ ಎಲ್ಲರೂ ಅಭ್ಯಾಸಬಲದಿಂದ ಎದ್ದು ನಿಂತರು.

"ಅಯ್ಯೋ, ಮರೆತು ಮಡಚೇ ಬಿಟ್ಟೆ," ಎಂದಳು.

"ಇವಳಿಗೆ ಯಾವಾಗ್ಲೂ ಅವಸರ," ಎಂದ ಸಿಪ್ರಿಯೆನ್. ಗಾಬ್ರಿಯಾಕ್ ನಗುತ್ತ ಹೊರನಡೆದ. ಸಿಪ್ರಿಯೆನ್ ಮಾತ್ರ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದ. ಅವಳ ತಟ್ಟೆಯಲ್ಲಿ ಚೀಸು ಹಾಗೇ ಇತ್ತು.

ಹುಲ್ಲು ನೆನೆಯದೆ ಒಳಗೆ ಬಂತು. ಸಂಜೆ ಊಟಕ್ಕೆ ಕೂತಾಗ ಅವನು ಚಾಕುವನ್ನು ತನ್ನ ತಟ್ಟೆಯ ಪಕ್ಕ ಇಡಲಿಲ್ಲ, ಅವಳ ತಟ್ಟೆಯ ಪಕ್ಕ ಇಟ್ಟ.

"ಬಿಚ್ಚಿಕೊಡು," ಎಂದ. "ಕೊನೇಲಿ ಮಡಚೋದೂ ನೀನೇ. ತಿಂದಾದ ಮೇಲೆ."

"ನಂಗೆ ಹೊತ್ತಾಗುತ್ತೆ."

"ಆಗ್ಲಿ ಬಿಡು. ನಲವತ್ತೊಂದು ವರ್ಷದ್ದು ಬಾಕಿ ಇದೆಯಲ್ಲ."

ಜೆಲಿ ಚೀಸಿನ ಎರಡನೇ ತುಂಡು ಕತ್ತರಿಸಿಕೊಂಡಳು. ಯಾರೂ ಏಳಲಿಲ್ಲ.