ಖಾಲಿ ಮನೆಯ ಬಳೆ

ನೆದರ್‌ಲೆಂಡ್ಸಿನ ಟಿಲ್‌ಬರ್ಗ್‌ನಲ್ಲಿ ಹಳೆಯ ಕಂಪ್ಯೂಟರುಗಳ ಮೇಳ. ಗೆಳೆಯ ಮುರಳೀಧರ ಅಲ್ಲಿ ಸಂಗೀತ ಕೇಳಿಸುತ್ತಾನೆಂದು ಪೋಸ್ಟರಿನಲ್ಲಿ ಕಂಡ ಯತಿರಾಜ್, ಅವನಿಗೆ ಸುಳಿವು ಕೊಡದೆ ಹೂಫ್‌ಡಾರ್ಪ್‌ನಿಂದ ರೈಲು ಹತ್ತಿದ್ದ. ಹಿಂದಿನಿಂದ ಹೋಗಿ ಬೆನ್ನಿಗೊಂದು ಗುದ್ದು ಕೊಡಬೇಕೆಂಬ ಆಸೆ.

ವೇದಿಕೆಯ ಮೇಲಿದ್ದ ಅಮೀಗಾ ಎಂಬ ಹಳೆಯ ಕಂಪ್ಯೂಟರು ಹಾಡತೊಡಗಿತು. ಯತಿರಾಜ್ ನಿಂತಲ್ಲೇ ನಿಂತ.

ಅದು ಅವನೇ ಕೂಡಿಸಿದ ರಾಗ. ಮದುವೆಯಾದ ಹೊಸದರಲ್ಲಿ, ಬೀದಿ ಸಂತೆಯಲ್ಲಿ ಕೊಂಡ ಅಂಥದೇ ಯಂತ್ರದಲ್ಲಿ. ಆ ಸಾಫ್ಟ್‌ವೇರಿಗೆ ನಾಲ್ಕರ ಲೆಕ್ಕ ಬಿಟ್ಟರೆ ಬೇರೆ ತಿಳಿಯದು. ಇವನಿಗೋ ಏಳರ ಮಿಶ್ರಛಾಪು ತಾಳವೇ ಬೇಕು. ಒಂದು ಪುಟಕ್ಕೆ ಸ್ವರ ತುಂಬುವ ಅರವತ್ತನಾಲ್ಕು ಮನೆ; ಏಳೇಳರಂತೆ ಹೇಗೆ ಹೊಂದಿಸಿದರೂ ಕೊನೆಯಲ್ಲಿ ಒಂದು ಮನೆ ಖಾಲಿ ಉಳಿಯುತ್ತಿತ್ತು.

"ಖಾಲಿ ಯಾಕೆ ಬಿಡ್ತೀರಿ? ನನ್ನ ಬಳೆ ಸದ್ದು ಹಾಕಿ," ಎಂದು ಹೆಂಡತಿ ಉಷಾ ಮೈಕಿನ ಮುಂದೆ ಬಳೆಗೈ ಅಲುಗಿಸಿದ್ದಳು.

ಅವಳು ತೀರಿಕೊಂಡ ಮೇಲೆ, ಆ ರಾಗವಿದ್ದ ಒಂದೇ ಫ್ಲಾಪಿಯನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಡೆಂದು ಯತಿರಾಜ್ ಮುರಳೀಧರನ ಕೈಗಿಟ್ಟಿದ್ದ. "ಬೂಸ್ಟು ಹಿಡಿದುಬಿಟ್ಟಿದೆ ಕಣೋ. ಏನೂ ಉಳಿದಿಲ್ಲ, ಬಿಸಾಕ್ದೆ," ಎಂದಿದ್ದ ಅವನು. ಯತಿರಾಜ್ ಬಿಕ್ಕಿದಾಗ ಬೆನ್ನು ಸವರಿದವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ರಾಗದ ಸುತ್ತು ಮುಗಿದು, ಕೊನೆಯಲ್ಲಿ ಘಲ್ ಎಂದಿತು; ಮತ್ತೆ ಮೊದಲಿನಿಂದ ಶುರುವಾಯಿತು. ಜನ ಚಪ್ಪಾಳೆ ತಟ್ಟಿದರು.

"ಕೊನೆಯ ಆ ಸದ್ದು ಏನು?" ಎಂದು ಡಚ್ ಮುದುಕನೊಬ್ಬ ಕೇಳಿದ.

"ಅದು ಎಲ್ಲೋ ಸಿಕ್ಕಿದ ಗಂಟೆಯ ಸದ್ದು. ರಾಗ ಮಾತ್ರ ನನ್ನದು," ಎಂದ ಮುರಳೀಧರ ಇಂಗ್ಲಿಷಿನಲ್ಲಿ.

ಯತಿರಾಜ್ ವೇದಿಕೆ ಹತ್ತಿದ. "ಗಂಟೆನೇನೋ ಮುರಳಿ?"

ಮುರಳೀಧರನ ಮುಖ ಬಿಳಿಚಿತು. "ಯತಿ! ಲೇ, ಆಮೇಲೆ ಮಾತಾಡೋಣ, ಪ್ಲೀಸ್. ಜನ ನೋಡ್ತಿದಾರೆ."

"ಅಂದ್ರೆ ಬೂಸ್ಟು ಹಿಡಿದಿದ್ದು ಫ್ಲಾಪಿಗಲ್ಲ."

"ನಿನಗೆ ಕೊಟ್ಟಿದ್ರೆ ಪೆಟ್ಟಿಗೇಲಿ ಇಟ್ಕೊಂಡು ಅಳ್ತಿದ್ದೆ ಅಷ್ಟೆ. ನಾನು ನಾಲ್ಕು ಜನಕ್ಕೆ ಕೇಳಿಸ್ದೆ."

"ಅಳೋದಕ್ಕಾದ್ರೂ ಕೊಡಬಾರದಿತ್ತಾ?"

ಯತಿರಾಜ್ ಯಂತ್ರದ ಗುಂಡಿ ಒತ್ತಿದ. ಹೊರಬಂದ ಫ್ಲಾಪಿಯನ್ನು ಕೋಟಿನ ಒಳಜೇಬಿಗೆ ಇಳಿಸಿದ. ಹಾಡು ನಿಲ್ಲಲಿಲ್ಲ, ಒಮ್ಮೆ ಒಳಗೆ ತುಂಬಿಕೊಂಡರೆ ಆ ಯಂತ್ರಕ್ಕೆ ಫ್ಲಾಪಿಯ ಹಂಗಿಲ್ಲ. ಮುರಳೀಧರನ ಕೈ ಅವಸರದಲ್ಲಿ ಸ್ವಿಚ್ಚಿನತ್ತ ಹೋಯಿತು.

"ಮುಟ್ಟಬೇಡ," ಎಂದ ಯತಿರಾಜ್.

ಬಳೆ ಇನ್ನೊಮ್ಮೆ ಘಲ್ಲೆನ್ನುವವರೆಗೆ ಕಾದು, ತಾನೇ ಸ್ವಿಚ್ಚು ಆರಿಸಿದ.