ಪಿಂಜಾರ ಗಲ್ಲಿ, ಮನಿ ನಂಬರ ಎರಡುನೂರ ಹದಿನಾಲ್ಕು

ಬಸವಕಲ್ಯಾಣದಾಗ ಯಾರದರ ಹಳೇ ಮನಿ ಹುಡುಕಬೇಕಾದ್ರ ಮಂದಿ ಫೋನ್ ನೋಡೂದಿಲ್ಲ, ಮಚ್ಚೇಂದ್ರನ್ನ ಕೇಳ್ತಾರ. ಮೂವತ್ತೊಂದು ವರ್ಷ ಸೈಕಲ್ ಮ್ಯಾಲ ಟಪಾಲ ಹಂಚಿದ ಮನಷ್ಯಾ ಅವ. ನೌಕರಿ ಮುಗದು ಹನ್ನೊಂದು ವರ್ಷಾದ್ರೂ ಯಾವ ಗಲ್ಲಿಗೆ ಮೊದಲ ಏನ್ ಹೆಸರಿತ್ತು, ಯಾವ ನಂಬರು ಯಾವ ವಾರ್ಡಿಗೆ ಹೋತು, ಎಲ್ಲಾ ಬಾಯಿಪಾಠ. "ಒಂದರ ಕಾಗದ ತಪ್ಪು ಬಾಗಲಿಗೆ ಹಾಕೀನೇನು, ಹೇಳ್ರಿ ನೋಡೂಣು" ಅಂತ ಚಹಾದಂಗಡ್ಯಾಗ ದಿನಕ್ಕ ಎರಡು ಸಲ ಕೇಳಿ ಮಂದಿ ತಲಿ ತಿಂತಿದ್ದ. ತಿನ್ನಲಿ ಬಿಡ್ರಿ, ಮಾತು ಖರೇ ಇತ್ತು.

ಅದಕ್ಕ ಪೋಸ್ಟಾಫೀಸಿನವರು ಅಸ್ಗರಿನ್ನ ಸೀದಾ ಅವನ ಮನಿಗೇ ಕಳಿಸಿದ್ರು. ಹುಮನಾಬಾದದ ಸಾಲಿ ಟೀಚರ ಆಕಿ, ವಯಸ್ಸು ಮೂವತ್ತೈದರ ಆಸುಪಾಸು. ನಮ್ಮ ಖಾಂದಾನದ ಇತಿಹಾಸ ಬರಿಯಾಕತ್ತೀನಿ ಅಂತ ಒಂದು ದಪ್ಪ ನೋಟ್‌ಬುಕ್ ಹಿಡಕೊಂಡು ಬಂದಿದ್ಲು. ಮಚ್ಚೇಂದ್ರಗ ಉಬ್ಬು ಬಂತು. ಹೆಂಡ್ತಿ ಅಂಬುಬಾಯಿಗೆ ಚಹಾ ಇಡಾಕ ಹೇಳಿ, ಮೂಗಿನ ಮ್ಯಾಲ ಚಾಳೀಸು ಏರಿಸಿಕೊಂಡು, "ಹೇಳವ್ವಾ, ಯಾವ ಪತ್ತಾ ಬೇಕಿತ್ತು?" ಅಂದ.

ಅಸ್ಗರಿ ನೋಟ್‌ಬುಕ್‌ನಾಗಿಂದ ಒಂದು ಹಳೇ ಟಪಾಲ ಕಾರ್ಡು ತೆಗದ್ಲು. ಉರ್ದು ಅಕ್ಷರ, ಅರ್ಧ ಮಾಸಿದ್ವು. ಆಕಿನೇ ಓದಿ ಹೇಳಿದ್ಲು: "ಗಾದಿವಾಲೆ ದಸ್ತಗೀರಸಾಬ, ಮಕಾನ ನಂಬರ ಎರಡುನೂರ ಹದಿನಾಲ್ಕು, ಪಿಂಜಾರ ಗಲ್ಲಿ, ಕಲ್ಯಾಣ. ನಮ್ಮ ದಾದಿ, ಅಂದ್ರ ಅಜ್ಜಿ, ಆಕಿ ಅಪ್ಪರಿ ಇವರು. ನಲವತ್ತೆಂಟರಾಗ, ನಿಜಾಮನ ಮ್ಯಾಲ ಪುಲೀಸ್ ಆ್ಯಕ್ಷನ್ ಆದ ವರ್ಷ, ಊರು ಬಿಟ್ರು."

ಆಕಿ ಕುಂತಿದ್ದ ಪಡಸಾಲಿನೇ ಆ ಎರಡುನೂರ ಹದಿನಾಲ್ಕು.

ಬಾಗಲ ಮ್ಯಾಲ ಮಾತ್ರ ಮುನ್ನೂರ ಎಪ್ಪತ್ತೇಳು ಅಂತ ತಗಡು ಇತ್ತು. ಅದು ಅವರಪ್ಪ ತುಳಜಾರಾಮನ ಕೆಲಸ. ದಸ್ತಗೀರಸಾಬ ಊರು ಬಿಡೂಮುಂದ ಕೀಲಿ ತುಳಜಾರಾಮನ ಕೈಯಾಗಿಟ್ಟು "ನಾವು ಬರೂತನಕ ನೋಡ್ಕೋ" ಅಂದಿದ್ದ. ಹಿಂದಿನ ಗಲ್ಲ್ಯಾಗ ಗುಡಿಸಲದಾಗಿದ್ದ ತುಳಜಾರಾಮ ಇಲ್ಲಿ ಬಂದು ಮಲಗಾಕ ಶುರು ಮಾಡಿದ. ಬಿಟ್ಟುಹೋದ ಮನಿ ಅಂತ ತಿಳಿದ್ರ ಯಾರರ ಬಾಗಲ ಮುರದಾರು ಅಂತ ಅಂಜಿ, ತನ್ನ ಗುಡಿಸಲದ ನಂಬರ ತಗಡು ಕಿತ್ತು ತಂದು ಇಲ್ಲಿ ಬಡದ. ಆಗಿನ ಮಂದಿಗೆ ನಂಬರು ಅಂದ್ರ ಮನಿದಲ್ಲ, ಮನಷ್ಯಾಂದು. ಮನಿ ಬದಲಿ ಮಾಡಿದ್ರ ಗಂಟುಗದಡಿ ಜೋಡಿ ತಗಡೂ ಹೋಗತಿತ್ತು. ಮುನ್ಸಿಪಾಲ್ಟಿ ಬಾಬುಗಳು ಬಾಗಲ ಮ್ಯಾಲ ಕಂಡದ್ದ ಬರಕೊಂಡು ಹೋದ್ರು. ದಸ್ತಗೀರಸಾಬ ತಿರುಗಿ ಬರಲಿಲ್ಲ. ಮಚ್ಚೇಂದ್ರ ಅದೇ ಮನ್ಯಾಗ ಹುಟ್ಟಿದ, ಅಲ್ಲೇ ಬೆಳದ, ಅಲ್ಲೇ ಮದುವ್ಯಾದ. ಎರಡುನೂರ ಹದಿನಾಲ್ಕು ಊರಾಗಿಂದಾನ ಮಾಯ ಆತು, ಪಿಂಜಾರ ಗಲ್ಲಿಗೂ ಬ್ಯಾರೆ ಹೆಸರು ಬಿತ್ತು.

"ಮನಿ ಕೇಳಾಕ ಬಂದಿಲ್ಲರಿ ಕಾಕಾ" ಅಂದ್ಲು ಅಸ್ಗರಿ. ಎಲ್ಲಾರೂ ಮೊದಲ ಹಂಗ ಅಂತಾರ ಅಂತ ಮಚ್ಚೇಂದ್ರ ಒಳಗೊಳಗ ಅಂದ್ಕೊಂಡ.

"ದಾದಿಗೆ ಎಂಬತ್ನಾಲ್ಕು ವರ್ಷರಿ. ಊರು ಬಿಡೂ ಹಿಂದಿನ ದಿನ ಆಕಿ ತಮ್ಮ ಮುಜಾಫರ್ ಜ್ವರ ಬಂದು ಹೋದ. ಒಂದೂವರಿ ವರ್ಷದ ಕೂಸು. ಹೊರಗ ಗದ್ದಲ, ಕಬರಸ್ತಾನಕ್ಕ ಒಯ್ಯಾಕ ಆಗಲಿಲ್ಲ. ಹಿತ್ತಲದ ಗ್ವಾಡಿ ಬುಡಕ ಮಣ್ಣು ಕೊಟ್ಟು ಹೋಗಿಬಿಟ್ರು. ಅವ ಅಲ್ಲೇ ಇದ್ದಾನೋ, ಯಾರರ ಅಗದು ಒಗದಾರೋ, ಅಷ್ಟು ತಿಳದ್ರ ಸಾಕು ಅಂತಾಳ. ದಿನಾ ಅದೊಂದ ಮಾತು."

ಒಳಗ ಅಂಬುಬಾಯಿ ಒಲಿ ಸಣ್ಣ ಮಾಡಿ ಬಾಗಲ ಮರಿಗೆ ಬಂದು ಕಿವಿಗೊಟ್ಲು.

ಯಾಕಂದ್ರ ಅಗದಿದ್ರು. ಮೂವತ್ತು ವರ್ಷದ ಹಿಂದ ಪಾಯಖಾನಿ ತೆಗ್ಗು ತೋಡೂಮುಂದ ಮಚ್ಚೇಂದ್ರನ ಗುದ್ದಲಿಗೇ ಸಣ್ಣ ಸಣ್ಣ ಎಲುಬು ಹತ್ತಿದ್ವು. ಮುದುಕ ತುಳಜಾರಾಮ ನೋಡಿದ ಕೂಡ್ಲೇ ತಿಳಕೊಂಡ. ಕೂಸು ಸತ್ತದ್ದು ಅವಗ ಗೊತ್ತಿತ್ತು, ಎಲ್ಲಿ ಇಟ್ಟಾರ ಅಂತ ಗೊತ್ತಿದ್ದಿಲ್ಲ. ಅಪ್ಪ ಮಗ ಇಬ್ಬರೂ ನಸುಕಿನ್ಯಾಗ ಕಬರಸ್ತಾನದ ಒಂದು ಮೂಲ್ಯಾಗ ಹುಗದು ಬಂದ್ರು. ಅಂಬುಬಾಯಿ ಒಬ್ಬಾಕಿನ ಬಿಟ್ರ ಯಾರಿಗೂ ಹೇಳಲಿಲ್ಲ. ತುಳಜಾರಾಮನ ಹಿತ್ತಲದಾಗ ಎಲುಬು ಸಿಕ್ಕಾವಂತ ಅಂತ ಊರಾಗ ಒಂದು ಮಾತು ಹುಟ್ಟಿದ್ರ ಅದಕ್ಕ ಕೈಕಾಲು ಬರಾಕ ಎಷ್ಟೊತ್ತು ಬೇಕು?

ಮನಿ ಹೋದೀತು, ಮಾನ ಹೋದೀತು. ಮಚ್ಚೇಂದ್ರನ ಬಾಯಿ ತನ್ನಷ್ಟಕ್ಕ ತಾನ ಹೇಳಿಬಿಟ್ಟಿತು: "ಗೊತ್ತದವ್ವಾ ಆ ಮನಿ. ನಡಿ, ತೋರಸ್ತೀನಿ."

ಚಹಾ ಆದ ಮ್ಯಾಲ ಎರಡು ಗಲ್ಲಿ ದಾಟಿಸಿ ಒಂದು ಬಿದ್ದ ಗ್ವಾಡಿ ಮುಂದ ಕರ್ಕೊಂಡು ಹೋಗಿ ನಿಂದರಿಸಿದ. ಮನಿ ಯಾರದೋ, ಮಾಲಕರು ಯಾರೋ, ಸುತ್ತೂಕಡಿ ಜಾಲಿ ಬೆಳದಿತ್ತು, ಬುಡಕ ಕಸ. "ಇದ ನೋಡು" ಅಂದ. ಅಸ್ಗರಿ ಪಾಪ, ಆ ಕಸದ ಮುಂದ ಚಪ್ಪಲ ಬಿಟ್ಟು ನಿಂತ್ಲು. ನೋಟ್‌ಬುಕ್‌ನಾಗ ಏನೋ ಬರಕೊಂಡ್ಲು. ಆಮ್ಯಾಲ ಹುಮನಾಬಾದಕ್ಕ ವಿಡಿಯೋ ಫೋನ್ ಹಚ್ಚಿದ್ಲು. ಫೋನಿನಾಗ ಬಿಳಿ ಸೆರಗಿನ ಒಂದು ಮುದುಕಿ ಮಾರಿ ಬಂತು. ಆಕಿನೇ ದಾದಿ ಸುಗ್ರಾ.

"ಅಗದಾರೇನ್ರಿ ಅಲ್ಲಿ?" ಅಂತ ಕೇಳಿದ್ಲು ಸುಗ್ರಾ. ನಮಸ್ಕಾರ ಇಲ್ಲ, ಏನಿಲ್ಲ, ಮೊದಲ ಮಾತೇ ಅದು.

"ಇಲ್ಲರಿ ಆಪಾ. ಯಾರೂ ಮುಟ್ಟಿಲ್ಲ" ಅಂದ ಮಚ್ಚೇಂದ್ರ.

ಮುದುಕಿ ಗೊಳೋ ಅಂತ ಅತ್ಲು. ಸಮಾಧಾನದ ಅಳು ಅದು. "ಬರೂ ಶುಕ್ರವಾರ ನನ್ನ ಕರ್ಕೊಂಡು ಹೋಗು ಅಸ್ಗರಿ, ಅಲ್ಲೇ ಕುಂತು ಫಾತೆಹಾ ಓದ್ತೀನಿ" ಅಂದ್ಲು. ಅಸ್ಗರಿ ಮಚ್ಚೇಂದ್ರನ ಎರಡೂ ಕೈ ಹಿಡಕೊಂಡು, "ನಿಮ್ಮ ಉಪಕಾರ ಮರಿಯಂಗಿಲ್ಲರಿ ಕಾಕಾ" ಅಂತ ಹೇಳಿ ಬಸ್ಸಿಗೆ ಹೋದ್ಲು.

ಮನಿಗೆ ಬಂದ್ರ ಅಂಬುಬಾಯಿ ಬಾಗಲದಾಗ ನಿಂತಿದ್ಲು. "ಯಾವ ಗ್ವಾಡಿ ತೋರ್ಸಿದ್ರಿ?" ಅಂದ್ಲು. ಹೇಳಿದ. ಆಕಿ ಹಣಿ ಬಡಕೊಂಡ್ಲು.

"ಆ ಗ್ವಾಡಿಗೆ ಬರೂ ಹೋಗೂ ಗಂಡಸರೆಲ್ಲಾ ಉಚ್ಚಿ ಹೊಯ್ತಾರ. ಅಲ್ಲಿ ಆ ಮುದುಕಿ ಕುಂತು ದೇವರ ಹೆಸರು ತಗೋಬೇಕೇನು? ನಿಮಗ ಮನಸ್ಸರ ಹ್ಯಾಂಗ ಬಂತ್ರಿ?"

"ನಾಳೆ ಮನಿ ಬಿಡ್ರಿ ಅಂದ್ರ ಎಲ್ಲಿಗೆ ಹೋಗ್ತಿ? ಕಾಗದ ಏನದ ನಮ್ಮ ಕಡಿ?"

"ಮನಿ ಮಾತು ಯಾರು ತೆಗದ್ರು? ಆಕಿ ಕೂಸು ಎಲ್ಲದ ಅಂತ ಕೇಳಾಕ ಬಂದಿದ್ಲು." ಅಷ್ಟ ಹೇಳಿ ಒಳಗ ಹೋದ್ಲು. ಎರಡು ದಿನ ಗಂಡನ ಜೋಡಿ ಮಾತಾಡಲಿಲ್ಲ.

ಚಹಾದಂಗಡ್ಯಾಗ ಯಾರೋ ಚೇಷ್ಟಿಗೆ "ಏನ್ ಪೋಸ್ಟಮನ್ ಸಾಹೇಬ್ರ, ಒಂದರ ಕಾಗದ ತಪ್ಪು ಬಾಗಲಿಗೆ ಹಾಕೀರೇನು?" ಅಂದಾಗ ಮಚ್ಚೇಂದ್ರ ಅರ್ಧ ಕಪ್ಪು ಅಲ್ಲೇ ಬಿಟ್ಟು ಎದ್ದ. ಆ ಗ್ವಾಡಿ ಕಡಿ ಹೋಗಿ ನೋಡಿದ. ಖರೇನ, ಇಬ್ಬರು ನಿಂತಿದ್ರು. ಛೀ, ನನ್ನ ಜಲ್ಮಕ್ಕಿಷ್ಟು ಅಂತ ತನ್ನನ್ನ ತಾನ ಬೈಕೊಂಡ.

ಗುರುವಾರ ಮುಂಜಾನೆ ಹುಮನಾಬಾದದ ಬಸ್ ಹತ್ತಿದ. ಹೆದ್ದಾರಿ ಮ್ಯಾಲಿನ ಬಂಗ್ಲಾ ಸ್ಟಾಪ್ ದಾಟೂತನಕ ಧೈರ್ಯ ಇತ್ತು. ರಾಜೇಶ್ವರದಾಗ ಬಸ್ ನಿಂತಾಗ ಇಳದು ಹಿಂದಕ ಹೋಗಿಬಿಡ್ಲಿ ಅನ್ನಿಸ್ತು. ಎದ್ದೂ ನಿಂತಿದ್ದ. ಒಬ್ಬಾಕಿ ಬುಟ್ಟಿ ಹೊತ್ಕೊಂಡು ಹತ್ತಿದ್ಲು, ದಾರಿ ಕಟ್ಟಿತು, ಬಸ್ ಬಿಟ್ಟಿತು. ಹಿಂಗಾಗಿ ಹುಮನಾಬಾದ ಮುಟ್ಟಿದ, ಅಸ್ಗರಿ ಟೀಚರ ಮನಿ ಕೇಳಿಕೋತ ಹೋದ.

ಅಸ್ಗರಿ ಸಾಲಿಗೆ ಹೊಂಟು ನಿಂತಿದ್ಲು. "ಅಯ್ಯ, ಕಾಕಾ! ಬರ್ರಿ ಬರ್ರಿ, ದಾದಿ, ಯಾರು ಬಂದಾರ ನೋಡು" ಅಂತ ಒಳಗ ಕರದ್ಲು. ಸುಗ್ರಾ ಮಂಚದ ಮ್ಯಾಲ ದಿಂಬಿಗೆ ಆತು ಕುಂತಿದ್ಲು. ಮರುದಿನ ಕಲ್ಯಾಣಕ್ಕ ಉಟಗೊಂಡು ಹೋಗಾಕ ಅಂತ ಇಸ್ತ್ರಿ ಮಾಡಿದ ಸೀರಿ ಮಗ್ಗಲದಾಗಿತ್ತು. ಚಹಾ ಅಂದ್ರ ಮಚ್ಚೇಂದ್ರ ಕೈ ಅಡ್ಡ ಮಾಡಿದ.

"ಮೊದಲ ನನ್ನ ಮಾತು ಕೇಳ್ರಿ. ಆಮ್ಯಾಲ ಬೇಕಾದ್ರ ಹೊರಗ ಹಾಕ್ರಿ."

ಎಲ್ಲಾ ಹೇಳಿದ. ಕೀಲಿ, ತಗಡು, ತೆಗ್ಗು, ಎಲುಬು, ಕಬರಸ್ತಾನದ ಮೂಲಿ, ಸುಳ್ಳು ಗ್ವಾಡಿ. ಹೇಳೂಮುಂದ ಒಂದ ಸಲಾನೂ ತಲಿ ಎತ್ತಲಿಲ್ಲ.

"ನಾ ಚಹಾ ಕುಡದದ್ದು ಅದೇ ಮನ್ಯಾಗೇನು?" ಅಂದ್ಲು ಅಸ್ಗರಿ. "ಅಲ್ಲೇ ಕುಂಡ್ರಿಸಿಕೊಂಡು, ಅಲ್ಲಿಂದ ಎಬ್ಬಿಸಿಕೊಂಡು ಹೋಗಿ ಆ ಕಸ ತೋರ್ಸಿದ್ರಿ. ನಾ ಚಪ್ಪಲ ಬಿಟ್ಟು ನಿಂತಿದ್ದೆ, ನೀವು ನೋಡ್ಕೋತ ಇದ್ರಿ. ಟಪಾಲ ಹಂಚಿದ ಮನಷ್ಯಾರು ನೀವು!"

"ಹೌದವ್ವಾ" ಅಂದ ಮಚ್ಚೇಂದ್ರ.

ಸುಗ್ರಾ ಮೊಮ್ಮಗಳ ಕಡಿ ಕೈ ಎತ್ತಿ ಸುಮ್ಮನಿರಿಸಿದ್ಲು. "ಎದರಾಗ ಒಯ್ದ್ರಿ?" ಅಂತ ಕೇಳಿದ್ಲು.

"ನಮ್ಮಪ್ಪನ ಹೊಸಾ ಧೋತರದಾಗ, ಆಪಾ. ಇನ್ನೂ ಉಟ್ಟಿದ್ದಿಲ್ಲ."

"ಆಳ ತೋಡಿದ್ರೇನು? ನಾಯಿ ಗೀಯಿ..."

"ಎದಿಮಟ ತೋಡಿದ್ದೆ. ನಾನ ಇಳದಿದ್ದೆ."

"ತಲಿ ಯಾವ ಕಡಿ ಇಟ್ರಿ?"

ಇದನ್ನ ಕೇಳ್ತಾಳಂತ ಮಚ್ಚೇಂದ್ರ ಅಂದ್ಕೊಂಡಿದ್ದಿಲ್ಲ. ಆವತ್ತು ಅವರಪ್ಪ ಆ ಸಣ್ಣ ತಲಿ ಎರಡೂ ಕೈಯಾಗ ಹಿಡಕೊಂಡು ಭಾಳೊತ್ತು ನಿಂತಿದ್ದ. ಕೂಸಿಗೆ ಏನೂ ಕಮ್ಮಿ ಆಗಬಾರದು ಅಂತ, ತಮ್ಮ ಮನಿ ಮಂದಿ ಸತ್ರ ಹ್ಯಾಂಗ ಇಡ್ತಾರೋ ಹಂಗ ಇಟ್ಟಿದ್ದ. "ದಕ್ಷಿಣಕ್ಕರಿ ಆಪಾ. ನಮ್ಮಲ್ಲಿ ಹಂಗ."

"ಯಾ ಅಲ್ಲಾ!" ಅಸ್ಗರಿ ಬಾಯಿ ಮ್ಯಾಲ ಕೈ ಇಟಗೊಂಡ್ಲು. "ನಮ್ಮಲ್ಲಿ ಉತ್ತರಕ್ಕ ತಲಿ, ಪಶ್ಚಿಮಕ್ಕ ಮಾರಿ. ಮೂವತ್ತು ವರ್ಷದಿಂದ ಕೂಸು ಉಲ್ಟಾ ಮಲಗ್ಯದ ದಾದಿ."

ಮಚ್ಚೇಂದ್ರಗ ದುಃಖ ತಡಿಯಾಕ ಆಗಲಿಲ್ಲ. "ಯಾರನ್ನರ ಒಂದು ಮಾತು ಕೇಳಬೇಕಿತ್ತು. ಅಂಜಿ ಕೇಳಲಿಲ್ಲರಿ ಆಪಾ" ಅಂದ, ಎಪ್ಪತ್ತೊಂದರ ಮನಷ್ಯಾ ಟಾವೆಲ್ಲಿನಾಗ ಮಾರಿ ಮುಚ್ಚಿಕೊಂಡು ಅತ್ತ.

ಅಸ್ಗರಿ ನೀರು ಕೊಟ್ರ ಸುಗ್ರಾ ಕುಡೀಲಿಲ್ಲ.

"ನನ್ನ ಮಗ್ಗಲದಾಗ ಮಲಗತಿದ್ದ ಅವ" ಅಂದ್ಲು ಕಡೀಕ. "ನೀ ಹ್ಯಾಂಗರ ಹಾಕು, ಬೆಳಗಾಗೂದರಾಗ ತಿರುಗಿರತಿದ್ದ. ಕಣ್ಣು ತೆರದ್ರ ಅವನ ಕಾಲು ನನ್ನ ಮಾರಿ ಮ್ಯಾಲ. ಅಮ್ಮಾ ಸೀದಾ ಮಾಡಿದ್ರ ಮತ್ತ ತಿರುಗತಿದ್ದ. ಒಂದ ದಿನಾನೂ ಇಟ್ಟಂಗ ಇದ್ದಿಲ್ಲ ತಮ್ಮಾ, ಒಂದ ದಿನಾನೂ."

ನಗಾಕ ಹೋದ್ಲು ಮುದುಕಿ, ನಗು ಬರಲಿಲ್ಲ. ಮಚ್ಚೇಂದ್ರ ಮಂಚದ ಬುಡಕ ನೆಲದ ಮ್ಯಾಲ ಕುಂತಾವ ಕುಂತಂಗ ಇದ್ದ. ಎದ್ದು ಹೋಗು ಅಂತ ಯಾರೂ ಅನ್ನಲಿಲ್ಲ.